ತತ್ತಿಯ ಹಳದಿಗೆ ಬಣ್ಣ ಎಲ್ಲಿಂದ ಬರುತ್ತದೆ?

ಗಬ್ಬೂರಿನಂತಹ ಊರಿನಲ್ಲಿ ಹಿತ್ತಿಲ ಕೋಳಿಯ ತತ್ತಿಯನ್ನೂ ಪೇಟೆಯಿಂದ ತಂದ ತತ್ತಿಯನ್ನೂ ಒಂದೇ ತಾಟಿನಲ್ಲಿ ಒಡೆದರೆ, ಅನೇಕ ಸಲ ಒಂದರ ಹಳದಿ ಗಾಢವಾಗಿಯೂ ಇನ್ನೊಂದರದು ಪೇಲವವಾಗಿಯೂ ಕಾಣುತ್ತದೆ. ಗಾಢವಾದುದರಲ್ಲಿಯೇ ಸತ್ವ ಹೆಚ್ಚೆಂದು ಜನರು ನಂಬುತ್ತಾರೆ. ಈ ನಂಬಿಕೆ ಎಷ್ಟು ಸರಿ?

ಕೋಳಿಯು ಈ ಬಣ್ಣವನ್ನು ತಾನೇ ತಯಾರಿಸಲಾರದು. ಸಸ್ಯಗಳಲ್ಲಿರುವ ಕೆರೊಟಿನಾಯ್ಡ್‌ಗಳೆಂಬ ವರ್ಣದ್ರವ್ಯಗಳು ಆಹಾರದೊಡನೆ ಅದರ ದೇಹವನ್ನು ಸೇರಿ, ಕೊಬ್ಬಿನಲ್ಲಿ ಕರಗಿ, ರಕ್ತದ ಮೂಲಕ ತತ್ತಿಯ ಹಳದಿಗೆ ಬಂದು ನೆಲೆಸುತ್ತವೆ. ಹಸಿರು ಹುಲ್ಲು, ಗೋವಿನಜೋಳ, ಚೆಂಡುಹೂ ಇವುಗಳಲ್ಲಿ ಲ್ಯೂಟೀನ್, ಜಿಯಾಕ್ಸಾಂಥಿನ್ ಮುಂತಾದುವು ಉಂಟು, ಬಿಳಿಜೋಳದಲ್ಲಿ ಅತ್ಯಲ್ಪ. ತತ್ತಿಯ ಹಳದಿಯು ಕೊನೆಯ ಹತ್ತು ದಿನಗಳಷ್ಟು ಅವಧಿಯಲ್ಲಿ ಪದರು ಪದರಾಗಿ ಬೆಳೆಯುವುದರಿಂದ, ಇಂದು ಬದಲಿಸಿದ ಆಹಾರದ ಪೂರ್ಣ ಪರಿಣಾಮವು ಅಷ್ಟು ದಿನಗಳ ನಂತರವೇ ಕಾಣುವುದು.

ಈ ಬಣ್ಣದ ಮೂಲವು ಅಣುವಿನ ರಚನೆಯಲ್ಲಿದೆ. ಕೆರೊಟಿನಾಯ್ಡ್ ಅಣುವು ಇಂಗಾಲದ ಉದ್ದನೆಯ ಸರಪಳಿ; ಅದರಲ್ಲಿ ಏಕಬಂಧ, ದ್ವಿಬಂಧಗಳು ಒಂದಾದ ಮೇಲೊಂದು ಬರುತ್ತವೆ. ಆದುದರಿಂದ ಕೆಲವು ಎಲೆಕ್ಟ್ರಾನುಗಳು ಒಂದೇ ಪರಮಾಣುವಿಗೆ ಕಟ್ಟುಬೀಳದೆ ಸರಪಳಿಯುದ್ದಕ್ಕೂ ಹರಡಿಕೊಂಡಿರುತ್ತವೆ. ಹರಡುವ ಹಾದಿ ಉದ್ದವಾದಷ್ಟೂ ಅವನ್ನು ಉದ್ರೇಕಿಸಲು ಬೇಕಾದ ಶಕ್ತಿ ಕಡಿಮೆ; ಹೀರಲ್ಪಡುವ ಬೆಳಕಿನ ಅಲೆಯುದ್ದ ಹೆಚ್ಚು. ಲ್ಯೂಟೀನ್ ಸುಮಾರು 445 ನ್ಯಾನೊಮೀಟರಿನ ನೀಲಿ ಬೆಳಕನ್ನು ಬಲವಾಗಿ ಹೀರುತ್ತದೆ. ಉಳಿದ ಬೆಳಕು ನಮಗೆ ಹಳದಿಯಾಗಿ ತೋರುತ್ತದೆ. ಮೆಣಸಿನಕಾಯಿಯ ಕ್ಯಾಪ್ಸಾಂಥಿನ್ ಇನ್ನೂ ಉದ್ದದ ಅಲೆಗಳನ್ನು ಹೀರುವುದರಿಂದ ಕೆಂಪಾಗಿ ಕಾಣುತ್ತದೆ. ಹಳದಿಯ ತಳಹದಿಯ ಮೇಲೆ ಈ ಕೆಂಪು ಸ್ವಲ್ಪ ಸೇರಿದರೆ ಕೇಸರಿಯ ಛಾಯೆ ಹುಟ್ಟುತ್ತದೆ.

ಇದಕ್ಕೆ ನಮ್ಮ ನೆರೆಯಲ್ಲಿಯೇ ಒಳ್ಳೆಯ ಸಾಮಗ್ರಿಯಿದೆ. ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಹೆಸರಾದ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. ಕೋಳಿಗೆ ಖಾರದ ಭಯವೂ ಇಲ್ಲ: ನಮ್ಮ ನಾಲಗೆಯನ್ನು ಉರಿಸುವ ಕ್ಯಾಪ್ಸೈಸಿನ್ನಿಗೆ ಕೋಳಿಯ ನರಗಳಲ್ಲಿರುವ ಗ್ರಾಹಕವು ಸ್ಪಂದಿಸುವುದಿಲ್ಲವೆಂದು 2002ರಲ್ಲಿ ತಿಳಿದುಬಂದಿತು. ಆದರೆ ಬೆಳಕು, ಶಾಖ, ಗಾಳಿಗಳಿಂದ ಈ ವರ್ಣದ್ರವ್ಯಗಳು ನಾಶವಾಗುತ್ತವೆ. ಹೂವಿನ ಎಸಳನ್ನು ನೆರಳಿನಲ್ಲಿ ಒಣಗಿಸಿ, ಮುಚ್ಚಿದ ಡಬ್ಬಿಯಲ್ಲಿ ಕತ್ತಲೆಯಲ್ಲಿಡುವುದು ಲೇಸು.

ಇಲ್ಲೊಂದು ಎಚ್ಚರಿಕೆ ಅವಶ್ಯ. ಕೊಬ್ಬಿನಲ್ಲಿ ಕರಗುವ ಕೃತಕ ಬಣ್ಣವೂ ಇದೇ ಹಾದಿಯಲ್ಲಿ ತತ್ತಿಯನ್ನು ಸೇರಬಲ್ಲದು. 2006ರಲ್ಲಿ ಚೀನದಲ್ಲಿ, ಆಹಾರಕ್ಕೆ ನಿಷಿದ್ಧವಾದ ಸುಡಾನ್ ಕೆಂಪು ಬಾತುಕೋಳಿಯ ತತ್ತಿಗಳಲ್ಲಿ ಪತ್ತೆಯಾಯಿತು. ಕಣ್ಣಿಗೆ ಅವು ಸೊಗಸಾಗಿಯೇ ಕಂಡಿದ್ದುವು!

ಹಾಗಾದರೆ ಗಾಢ ಬಣ್ಣಕ್ಕೆ ಬೆಲೆಯೇ ಇಲ್ಲವೆ? ಉಂಟು. ಲ್ಯೂಟೀನ್, ಜಿಯಾಕ್ಸಾಂಥಿನ್‌ಗಳು ನಮ್ಮ ಕಣ್ಣಿನ ಅಕ್ಷಿಪಟಲದ ಮಧ್ಯಭಾಗದಲ್ಲಿಯೂ ನೆಲೆಸಿ ನೀಲಿ ಬೆಳಕನ್ನು ಸೋಸುತ್ತವೆ. ಆದರೆ ತತ್ತಿಯ ಪ್ರೋಟೀನು ಬಣ್ಣದಿಂದ ಹೆಚ್ಚುವುದಿಲ್ಲ. ಬಣ್ಣವು ಕೋಳಿ ತಿಂದುದಕ್ಕೆ ಸಾಕ್ಷಿಯೇ ಹೊರತು ತತ್ತಿಯ ಒಟ್ಟು ಸತ್ವದ ಅಳತೆಗೋಲಲ್ಲ. ಆದುದರಿಂದ ತತ್ತಿ ಕೊಳ್ಳುವಾಗ ಬಣ್ಣವನ್ನು ನೋಡುವುದಕ್ಕಿಂತ, ಕೋಳಿಗೆ ಏನು ತಿನ್ನಿಸಿದಿರಿ ಎಂದು ಕೇಳುವುದೇ ಮೇಲು.