ಮೂಗಿರುವಾಗ ಬಾಯಿಗೇಕೆ ಆ ಕೆಲಸ?

ಬೆಳಿಗ್ಗೆ ಎದ್ದಾಗ ನಿಮ್ಮ ಬಾಯಿ ಒಣಗಿ, ನಾಲಿಗೆ ಅಂಗುಳಿಗೆ ಅಂಟಿಕೊಂಡಿರುತ್ತದೆಯೆ? ದಿಂಬಿನ ಮೇಲೆ ಜೊಲ್ಲಿನ ಕಲೆ ಇರುತ್ತದೆಯೆ? ಹಾಗಿದ್ದರೆ ರಾತ್ರಿ ಬಾಯಲ್ಲೇ ಉಸಿರಾಡಿರಬಹುದು. ‘ಬಾಯಿ ಬಿಟ್ಟರೆ ಬಣ್ಣಗೇಡು’ ಎಂದು ಹಿರಿಯರು ಹೇಳಿದ್ದು ಮಾತಿನ ವಿಚಾರಕ್ಕೆ. ನಾನು ನಿದ್ದೆಗೂ ಹೇಳುತ್ತೇನೆ.

ಮೂಗೆಂದರೆ ಬರೀ ಎರಡು ತೂತಲ್ಲ. ಅದರೊಳಗಿನ ಕೂದಲು, ಸಿಂಬಳ ಧೂಳನ್ನು ತಡೆಯುತ್ತವೆ. ಸಿಂಬಳವೆಂದು ಮೂಗು ಮುರಿಯಬೇಡಿ, ಅದಕ್ಕೂ ಕೆಲಸವಿದೆ. ಗಾಳಿ ಬೆಚ್ಚಗಾಗಿ, ತೇವವಾಗಿ ಎದೆಗೆ ಇಳಿಯುವುದು ಮೂಗಿನ ದಾರಿಯಲ್ಲೇ. ಬಾಯಿಗೆ ಈ ಏರ್ಪಾಡಿಲ್ಲ. ಅದು ತೆರೆದೇ ಇದ್ದರೆ ಎಂಜಲು ಒಣಗುತ್ತದೆ. ಹಲ್ಲನ್ನು ಹುಳಿಯಿಂದ ಕಾಯುವುದೇ ಎಂಜಲು. ಅದಿಲ್ಲದಿದ್ದರೆ ಹುಳುಕು, ವಸಡಿನ ಊತ, ದುರ್ವಾಸನೆ. ಎರಡು ಹೊತ್ತು ಉಜ್ಜಿದರೂ ಬಾಯಿ ನಾರುತ್ತದೆಂದು ಪೇಸ್ಟ್ ಬದಲಾಯಿಸುತ್ತೀರಲ್ಲ, ಪಾಪ, ಪೇಸ್ಟು ಏನು ಮಾಡೀತು?

ನನಗೆ ಹೆಚ್ಚು ಚಿಂತೆ ಮಕ್ಕಳದ್ದು. ಮೂಗಿನ ಹಿಂಬದಿಯಲ್ಲಿ ಅಡಿನಾಯ್ಡ್ ಎಂಬ ಮೆದು ಗಂಟಿದೆ. ಸುಮಾರು 3ರಿಂದ 7 ವರ್ಷದ ಮಕ್ಕಳಲ್ಲಿ ಅದು ದಪ್ಪಗಾಗಿ ದಾರಿ ಕಟ್ಟುವುದುಂಟು. ಮಗು ಬಾಯಿ ತೆರೆಯುತ್ತದೆ, ನಾಲಿಗೆ ಕೆಳಗೆ ಬೀಳುತ್ತದೆ. ನಾಲಿಗೆಯ ಆಸರೆ ತಪ್ಪಿದ ಅಂಗುಳು ಕಿರಿದಾಗಿ ಮೇಲಕ್ಕೆ ಕಮಾನು ಕಟ್ಟುತ್ತದೆ, ಹಲ್ಲುಗಳಿಗೆ ಜಾಗ ಸಾಲದಾಗುತ್ತದೆ, ಮುಖ ಉದ್ದವಾಗಬಹುದು. ರಾತ್ರಿ ನಿದ್ದೆ ಕೆಟ್ಟ ಮಗು ಹಗಲು ತೂಕಡಿಸುತ್ತದೆ, ಇಲ್ಲವೇ ಕೂತಲ್ಲಿ ಕೂರುವುದಿಲ್ಲ. ನೀವೋ, “ಬಾಯಿ ಮುಚ್ಚೋ, ನೊಣ ಹೋಗುತ್ತೆ” ಎಂದು ಗದರುತ್ತೀರಿ. ಮೂಗು ಕಟ್ಟಿದ ಮಗು ಬಾಯಿ ಮುಚ್ಚಿ ಉಸಿರಾಡುವುದು ಹೇಗೆ? ಗದರುವ ಬದಲು ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ? ದವಡೆಯ ಮಾತೂ ಅದೇ.

ದೊಡ್ಡವರಲ್ಲಿ ಧೂಳಿನ ಅಲರ್ಜಿ, ಮೂಗಿನ ಸೊಟ್ಟ ನಡುಗೋಡೆ, ಒಳಗೆ ಬೆಳೆದ ದುರ್ಮಾಂಸ, ಹೀಗೆ ಕಾರಣ ಹಲವು. ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಒಂದು ಗುಟುಕು ನೀರು ಬಾಯಲ್ಲಿಟ್ಟು ತುಟಿ ಮುಚ್ಚಿ ಎರಡು ಮೂರು ನಿಮಿಷ ಕೂತುಕೊಳ್ಳಿ. ಆರಾಮಾಗಿ ಕೂತರೆ ಮೂಗಿನ ದಾರಿ ಬಹುಶಃ ಸರಿಯಿದೆ, ಕೆಟ್ಟಿರುವುದು ಅಭ್ಯಾಸ. ಚಡಪಡಿಸಿದರೆ ದಾರಿಯೇ ಕಟ್ಟಿರಬಹುದು.

ದಾರಿ ಕಟ್ಟಿದ್ದರೆ ಉಪ್ಪುನೀರಿನಲ್ಲಿ ಮೂಗು ತೊಳೆಯಿರಿ. ಅರ್ಧ ಲೀಟರ್ ನೀರಿಗೆ ಒಂದು ಮಟ್ಟ ಚಹಾ ಚಮಚ ಉಪ್ಪು ಸಾಕು. ನೀರು ಕುದಿಸಿ ಆರಿಸಿದ್ದೇ ಆಗಿರಬೇಕು, ನಲ್ಲಿಯಿಂದ ನೇರ ಹಿಡಿಯಲೇಬೇಡಿ. ಮೂಗಿನಿಂದ ಮಿದುಳಿಗೇರುವ ಅಮೀಬಾ ಅಪರೂಪವಾದರೂ ಜೀವ ತೆಗೆಯುತ್ತದೆ. ಧೂಳಿನ ಅಲರ್ಜಿಯಿದ್ದರೆ ಹಾಸಿಗೆ ಬಿಸಿಲಿಗೆ ಹಾಕಿ, ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ. ಅಂಗಡಿಯಿಂದ ತಂದ, ಮೂಗು ತೆರೆಸುವ ಡ್ರಾಪ್ಸ್ ಮೂರು ನಾಲ್ಕು ದಿನ ಮೀರಬಾರದು. ಆಮೇಲೆ ಅದೇ ಮೂಗು ಕಟ್ಟಿಸುತ್ತದೆ, ನೀವು ಮತ್ತೆ ಅದನ್ನೇ ಹುಡುಕುತ್ತೀರಿ.

ಈಗ ಬಾಯಿಗೆ ಟೇಪ್ ಅಂಟಿಸಿ ಮಲಗುವ ಹೊಸ ಹುಚ್ಚೊಂದು ಬಂದಿದೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತು! ಮೂಗು ಕಟ್ಟಿದವರು, ಗೊರಕೆಯವರು ಇದರ ತಂಟೆಗೆ ಹೋಗಬೇಡಿ. ಮಕ್ಕಳಿಗಂತೂ ಬೇಡವೇ ಬೇಡ.

ಬರೀ ಅಭ್ಯಾಸವಾಗಿದ್ದರೆ ತಿದ್ದುವುದು ಸುಲಭ. ‘ಲ’ ಎನ್ನಿ. ನಾಲಿಗೆಯ ತುದಿ ತಾಗಿದ ಜಾಗ ಗೊತ್ತಾಯಿತೆ? ಅದೇ ಅದರ ಮನೆ. ತುಟಿ ಮುಚ್ಚಿ, ನಾಲಿಗೆಯನ್ನು ಅಲ್ಲೇ ಇಟ್ಟು ಅಡುಗೆ ಮಾಡಿ, ಟಿವಿ ನೋಡಿ. ನಡೆಯುವಾಗ ಬಾಯಿ ತೆರೆದುಕೊಂಡರೆ ಹೆಜ್ಜೆ ನಿಧಾನಿಸಿ. ರಾತ್ರಿ ಅಂಗಾತ ಬೇಡ, ಮಗ್ಗುಲಾಗಿ ಮಲಗಿ.

ಇವತ್ತು ಮಕ್ಕಳು ಮಲಗಿ ಒಂದು ಗಂಟೆಯಾದ ಮೇಲೆ ಸದ್ದಿಲ್ಲದೆ ಹೋಗಿ ನೋಡಿ. ಬಾಯಿ ತೆರೆದಿದೆಯೆ, ಗೊರಕೆಯಿದೆಯೆ, ಉಸಿರು ನಡುವೆ ನಿಂತು ಥಟ್ಟನೆ ಎಳೆದುಕೊಳ್ಳುತ್ತದೆಯೆ? ಇದ್ದರೆ ಮೊಬೈಲಿನಲ್ಲಿ ಒಂದೆರಡು ನಿಮಿಷ ವಿಡಿಯೊ ಮಾಡಿಟ್ಟುಕೊಂಡು ವೈದ್ಯರಿಗೆ ತೋರಿಸಿ. ಹಾಗೆಯೇ ಪಕ್ಕದಲ್ಲಿ ಗೊರಕೆ ಹೊಡೆಯುವ ಯಜಮಾನರದ್ದೂ ಒಂದು ಮಾಡಿ, ನಾನಂತೂ ಹಾಗೆಲ್ಲ ಗೊರೆಯುವುದಿಲ್ಲ ಎಂದು ವಾದಿಸುವವರು ಅವರೇ.