ಕೊಲೆಗಾರನ ಜೊತೆ ಒಂದು ಓದು

ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳಿಂದ ಓದಿನ ರುಚಿ ಹತ್ತಿಸಿಕೊಂಡವರು ನಮ್ಮಲ್ಲಿ ಬಹಳ ಮಂದಿ. ಅಂಥ ಕಥೆಗಳಲ್ಲಿ ಅಪರಾಧಿ ಯಾರೆಂಬ ಕುತೂಹಲವೇ ಪುಟ ತಿರುಗಿಸುತ್ತದೆ. ನಾನೀಗ ಪರಿಚಯಿಸುವ ಕಾದಂಬರಿಯಲ್ಲಿ ಅದು ಗುಟ್ಟೇ ಅಲ್ಲ. ಕೊಲೆ ಮಾಡುವವನು ಮೊದಲ ಪುಟದಿಂದಲೇ ನಮ್ಮ ಜೊತೆಗಿರುತ್ತಾನೆ. ಹಾಗಾಗಿ ಕೊಲೆಯ ವಿಷಯ ಇಲ್ಲೇ ಹೇಳಿಬಿಟ್ಟರೂ ನಿಮ್ಮ ಓದಿಗೆ ನಷ್ಟವಿಲ್ಲ.

ಪುಸ್ತಕದ ಹೆಸರು ‘ದಿ ಟ್ಯಾಲೆಂಟೆಡ್ ಮಿಸ್ಟರ್ ರಿಪ್ಲಿ’, ಬಂದದ್ದು 1955ರಲ್ಲಿ. ಬರೆದವರು ಪೆಟ್ರೀಷಿಯಾ ಹೈಸ್ಮಿತ್. 1921ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಹುಟ್ಟಿ, ಮುಂದೆ ಯುರೋಪಿನಲ್ಲೇ ನೆಲೆಸಿ, 1995ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ತೀರಿಕೊಂಡವರು.

ಟಾಮ್ ರಿಪ್ಲಿ ನ್ಯೂಯಾರ್ಕಿನ ಬಡ ಯುವಕ. ತೆರಿಗೆ ಅಧಿಕಾರಿಯ ಸೋಗು ಹಾಕಿ, ಇನ್ನಷ್ಟು ತೆರಿಗೆ ಕಟ್ಟಬೇಕೆಂದು ಜನರಿಗೆ ಕಾಗದ ಬರೆಯುತ್ತಾನೆ. ಹೆದರಿದವರು ಚೆಕ್ ಕಳಿಸುತ್ತಾರೆ. ಆ ಚೆಕ್ಕುಗಳನ್ನು ನಗದು ಮಾಡಿಕೊಳ್ಳುವುದು ಅವನಿಂದಾಗದು! ಈ ಸಣ್ಣ ವಿವರವನ್ನು ಗಮನವಿಟ್ಟು ಓದಿ. ದುಡ್ಡಿಗಿಂತ ಹೆಚ್ಚಾಗಿ ಬೇರೆಯವನಾಗುವುದೇ ಅವನಿಗೆ ಸುಖ.

ಶ್ರೀಮಂತರ ಮಗನಾದ ಡಿಕಿ ಗ್ರೀನ್‌ಲೀಫ್ ಇಟಲಿಯ ಕಡಲೂರೊಂದರಲ್ಲಿ ಚಿತ್ರ ಬಿಡಿಸುತ್ತಾ ಕೂತಿದ್ದಾನೆ. ಅವನನ್ನು ಮನೆಗೆ ಕರೆತರಲು ತಂದೆಯೇ ಖರ್ಚು ಕೊಟ್ಟು ಟಾಮ್‌ನನ್ನು ಕಳಿಸುತ್ತಾರೆ. ಹೋದವನು ಡಿಕಿಯ ಮನೆಯಲ್ಲೇ ಉಳಿದುಬಿಡುತ್ತಾನೆ. ಅವನ ಬಟ್ಟೆ, ಬೆರಳಿನ ಉಂಗುರಗಳು, ನಿರಾಳವಾದ ನಡೆನುಡಿ, ಎಲ್ಲವೂ ಟಾಮ್‌ನನ್ನು ಸೆಳೆಯುತ್ತವೆ. ಇದು ಸ್ನೇಹವೋ, ಪ್ರೇಮವೋ, ಹೊಟ್ಟೆಕಿಚ್ಚೋ? ಹೈಸ್ಮಿತ್ ಅದಕ್ಕೆ ಹೆಸರಿಡುವುದಿಲ್ಲ. ನೀವೂ ಅವಸರಪಟ್ಟು ಇಡಬೇಡಿ.

ಒಂದು ದಿನ ಟಾಮ್ ಡಿಕಿಯ ಕೋಣೆ ಹೊಕ್ಕು, ಅವನ ಸೂಟು ತೊಟ್ಟು, ಅವನಂತೆಯೇ ಕ್ರಾಪು ತಿದ್ದಿಕೊಂಡು, ಕನ್ನಡಿಯ ಮುಂದೆ ಅವನ ದನಿಯಲ್ಲೇ ಮಾತಾಡತೊಡಗುತ್ತಾನೆ. ಅಷ್ಟರಲ್ಲಿ ಡಿಕಿ ಬಾಗಿಲಲ್ಲಿ ನಿಂತಿರುತ್ತಾನೆ. ರಕ್ತದ ಹನಿಯೂ ಇಲ್ಲದ ಈ ಪ್ರಸಂಗ ನನ್ನ ದೃಷ್ಟಿಯಲ್ಲಿ ಇಡೀ ಕಾದಂಬರಿಯ ಹೃದಯ. ಟಾಮ್‌ಗೆ ಆಗುವ ನಾಚಿಕೆ ಓದುವವರ ಮೈಗೂ ತಾಗುತ್ತದೆ. ಮುಂದೆ ಸ್ಯಾನ್ ರೆಮೋದ ದೋಣಿಯಲ್ಲಿ ಅವನು ಹುಟ್ಟು ಎತ್ತಿ ಡಿಕಿಯನ್ನು ಹೊಡೆಯುವ ಹೊತ್ತಿಗೆ, ಆ ಪೆಟ್ಟಿನ ಬೇರು ಎಲ್ಲಿದೆಯೆಂದು ನಮಗೆ ಗೊತ್ತಿರುತ್ತದೆ. ಟಾಮ್‌ನ ತಂದೆತಾಯಿ ನೀರಿನಲ್ಲಿ ಮುಳುಗಿ ಸತ್ತವರು. ಅವನಿಗೆ ನೀರೆಂದರೆ ಭಯ. ಅಂಥವನ ಕೈಯಲ್ಲಿ ಇಂಥ ಕೆಲಸವನ್ನು ನಡುನೀರಿನಲ್ಲಿ ಮಾಡಿಸುವುದು ಎಂಥ ಗಟ್ಟಿ ಲೇಖನಿ!

ಆಮೇಲೆ ಟಾಮ್ ಡಿಕಿಯಾಗಿ ರೋಮಿನಲ್ಲಿ ಬದುಕುತ್ತಾನೆ. ಇಲ್ಲಿ ಪರದೇಶ ಬರೀ ಹಿನ್ನೆಲೆಯಲ್ಲ. ಅಪ್ಪ, ನೆರೆಯವರು, ಬಾಲ್ಯದ ಗೆಳೆಯರು ಯಾರೂ ಇಲ್ಲದ ಕಡೆ ನೀವು ಯಾರೆಂದು ಹೇಳುವುದು ಪಾಸ್‌ಪೋರ್ಟಿನ ಫೋಟೊ, ಬ್ಯಾಂಕಿನ ಚೆಕ್ಕಿನ ಮೇಲಿನ ಸಹಿ, ಟೈಪ್ ಮಾಡಿದ ಕಾಗದ. ಅಂದಿನ ದಿನಗಳಲ್ಲಿ ಸುದ್ದಿ ಅಂಚೆಯ ವೇಗದಲ್ಲಿ ಸಾಗುತ್ತಿತ್ತು. ಇದೇ ಕಥೆಯನ್ನು ಡಿಕಿಯ ಸ್ವಂತ ಊರಿನಲ್ಲಿ ಇಟ್ಟಿದ್ದರೆ ಒಂದು ದಿನವೂ ನಡೆಯುತ್ತಿರಲಿಲ್ಲ.

ಇನ್ನೊಂದು ಮಾತು. ಕಥೆಯಲ್ಲಿ ಟಾಮ್ ‘ನಾನು’ ಎಂದು ಹೇಳಿಕೊಳ್ಳುವುದಿಲ್ಲ, ‘ಅವನು’ ಎಂದೇ ನಿರೂಪಣೆ ಸಾಗುತ್ತದೆ. ಆದರೂ ಅದು ಟಾಮ್‌ನ ತಲೆಯಿಂದ ಆಚೆ ಹೋಗುವುದೇ ಇಲ್ಲ. ಡಿಕಿಯ ಹಳೆಯ ಗೆಳೆಯ ಫ್ರೆಡ್ಡಿ ರೋಮಿನ ಮನೆಗೆ ಬಂದಾಗ, ಟಾಮ್ ಸಿಕ್ಕಿಬೀಳಬಾರದೆಂದು ನಮ್ಮ ಮನಸ್ಸೇ ಹಾರೈಸುತ್ತದೆ. ಅಲ್ಲಿ ಒಂದು ಗಳಿಗೆ ನಿಂತು ಯೋಚಿಸಿ. ಡಿಕಿಯ ಗೆಳತಿ ಮಾರ್ಜ್‌ಳನ್ನೂ ನಾವು ಟಾಮ್‌ನ ತಿರಸ್ಕಾರದ ಕಣ್ಣಿನಿಂದಲೇ ನೋಡಬೇಕಾಗುತ್ತದೆ. ಆಕೆಗೆ ಸಲ್ಲಬೇಕಾದ ನ್ಯಾಯವನ್ನು ಓದುಗರೇ ಸಲ್ಲಿಸಬೇಕು.

1960ರಲ್ಲಿ ಫ್ರೆಂಚಿನಲ್ಲಿ, 1999ರಲ್ಲಿ ಇಂಗ್ಲಿಷಿನಲ್ಲಿ ಇದು ಸಿನಿಮಾ ಆಗಿದೆ. ಎರಡೂ ಕಥೆಯನ್ನು ಬದಲಿಸಿವೆ, ಹಾಗಾಗಿ ಪುಸ್ತಕ ಮುಗಿಸಿ ನೋಡಿ. ರಿಪ್ಲಿಯ ಬಗ್ಗೆ ಇನ್ನೂ ನಾಲ್ಕು ಕಾದಂಬರಿಗಳಿವೆ, ಆದರೆ ಎರಡನೆಯ ಓದಿಗೆ ನಾನು ಸೂಚಿಸುವುದು ಟ್ಯುನೀಷಿಯಾದಲ್ಲಿ ನಡೆಯುವ ‘ದಿ ಟ್ರೆಮರ್ ಆಫ್ ಫೋರ್ಜರಿ’ (1969). ಕಾದಂಬರಿಕಾರ ಗ್ರಹಾಂ ಗ್ರೀನ್ ಹೈಸ್ಮಿತ್‌ರ ಕೃತಿಗಳಲ್ಲಿ ಅತ್ಯುತ್ತಮವೆಂದದ್ದು ಅದನ್ನೇ. ಹೈಸ್ಮಿತ್‌ರ ಇಂಗ್ಲಿಷ್ ಸರಳ, ವಾಕ್ಯಗಳು ನೇರ. ಇಂಗ್ಲಿಷ್ ದಿನಪತ್ರಿಕೆ ಓದಬಲ್ಲವರು ಧೈರ್ಯವಾಗಿ ಕೈಗೆತ್ತಿಕೊಳ್ಳಬಹುದು.