ಮುಖದ ಮೂಳೆಯೊಳಗಿನ ಟೊಳ್ಳುಗಳು

ನಮ್ಮ ಮುಖದ ಮೂಳೆಯೊಳಗೆ ಗಾಳಿ ತುಂಬಿದ ನಾಲ್ಕು ಜೋಡಿ ಟೊಳ್ಳುಗಳಿವೆ. ಕೆನ್ನೆಯಲ್ಲಿ, ಹಣೆಯಲ್ಲಿ, ಕಣ್ಣುಗಳ ನಡುವೆ, ಮೂಗಿನ ತೀರಾ ಹಿಂದೆ. ಇವೇ ಸೈನಸ್‌ಗಳು. ಕೆನ್ನೆಯದನ್ನು ಇಂಗ್ಲೆಂಡಿನ ವೈದ್ಯ ನಥಾನಿಯಲ್ ಹೈಮೋರ್ 1651ರಲ್ಲೇ ವಿವರಿಸಿ ಬರೆದಿದ್ದಾರೆ.

ಈ ಕೆನ್ನೆಯ ಟೊಳ್ಳಿನ ಬಾಗಿಲು ಇರೋದು ಮೇಲ್ಗಡೆ! ಲೋಳೆ ತಾನಾಗಿ ಮೇಲಕ್ಕೆ ಹರಿಯುತ್ತದೆಯೇ? ಇಲ್ಲ. ಒಳಪೊರೆಯ ಮೇಲಿರುವ, ಕಣ್ಣಿಗೆ ಕಾಣದ ರೋಮಗಳು ಅದನ್ನು ಮೇಲಕ್ಕೆ ತಳ್ಳುತ್ತವೆ. ಬೀಡಿ ಹೊಗೆ ಈ ರೋಮಗಳನ್ನೇ ಕೆಡಿಸುತ್ತದೆ.

ಪೊರೆ ಊದಿ ಬಾಗಿಲು ಮುಚ್ಚಿದರೆ ಲೋಳೆ ಒಳಗೇ ನಿಲ್ಲುತ್ತದೆ. ರಕ್ತದ ಬಿಳಿಕಣಗಳು ಕಾವಲಿಗೆ ಬರುತ್ತವೆ. ನೆಗಡಿ ವಾಸಿಯಾದರೆ ಅವುಗಳ ಕೆಲಸ ಮುಗೀತು. 12 ವಾರವಾದರೂ ಹೋಗದಿದ್ದರೆ ಅದು ದೀರ್ಘಕಾಲದ ಸೈನಸ್ ರೋಗ. ಅನೇಕ ರೋಗಿಗಳಲ್ಲಿ ಇಯೊಸಿನೋಫಿಲ್ ಎಂಬ ಬಿಳಿಕಣ ಹೆಚ್ಚಾಗುತ್ತದೆ. ಹೊಟ್ಟೆಹುಳದಂಥ ಶತ್ರುಗಳ ಮೇಲೆ ಸುರಿಸಬೇಕಾದ ವಿಷವನ್ನು ಅದು ನಮ್ಮ ಪೊರೆಯ ಮೇಲೇ ಸುರಿಸುತ್ತದೆ.

ಆ ಉರಿ ಕೆಳಗಿನ ಮೂಳೆಗೂ ಮುಟ್ಟುತ್ತದೆ. ಮೂಳೆ ಒಣಕಟ್ಟಿಗೆಯಲ್ಲ, ಜೀವ ಇರುವಂಥದ್ದು. ಹಳೆಯದನ್ನು ಕರಗಿಸುವ ಕಣ, ಹೊಸದನ್ನು ಕಟ್ಟುವ ಕಣ ಎರಡೂ ಅದರಲ್ಲಿವೆ. ಬಹುಕಾಲದ ಉರಿಯೂತದಲ್ಲಿ ಕಟ್ಟೋದು ಜಾಸ್ತಿಯಾಗಿ ಗೋಡೆ ದಪ್ಪವಾಗುತ್ತದೆ. ಸಿ.ಟಿ. ಸ್ಕ್ಯಾನಿನಲ್ಲಿ ಇದು ಕಾಣುತ್ತದೆ. ಇಂಥವರಿಗೆ ಆಪರೇಷನ್ ಆದ ಮೇಲೂ ರೋಗ ಮರಳುವುದುಂಟು.

ನಮ್ಮ ಕಡೆ ‘ಬರೀ ನೆಗಡಿ’ ಅಂತ ವರ್ಷಗಟ್ಟಲೆ ಸುಮ್ಮನಿರ್ತಾರೆ. ಒಗ್ಗರಣೆ ವಾಸನೆಯೂ ತಿಳಿಯದೆ, ಮೂಗು ಕಟ್ಟಿ, ಮುಖ ಭಾರವಾಗಿ ಮೂರು ತಿಂಗಳಾಗಿದ್ದರೆ ಕಿವಿ-ಮೂಗು-ಗಂಟಲಿನ ಡಾಕ್ಟರಿಗೆ ತೋರಿಸಬೇಕು. ಉಪ್ಪುನೀರಲ್ಲಿ ಮೂಗು ತೊಳೆಯುವುದು ಒಳ್ಳೇದೇ, ಆದರೆ ಕುದಿಸಿ ಆರಿಸಿದ ನೀರೇ ಆಗಬೇಕು, ಕೆರೆ ನೀರು ಖಂಡಿತ ಬೇಡ.